ಅರ್ಥಶಾಸ್ತ್ರದ ಪಾಠಕ್ಕ ಖರ್ಚಿನ ವಹಿ ತಗೊಂಡು ಕೂಡ್ರಿ

ಈ ಸಲ ರೋಗ, ಔಷಧದ ಮಾತಿಲ್ಲ. ಓದಿನ ಮಾತು.

ನಮ್ಮ ಶಹಾಪುರ, ವಡಗಾವಿ, ಯಳ್ಳೂರ ಕಡೆ ಕಾಲೇಜಿಗೆ ಹೋಗೋ ಹುಡುಗ್ರು ಇರೋ ಮನಿ ಬಾಳ ಅದಾವು. ಬಿ.ಎ., ಬಿ.ಕಾಂ. ಮೊದಲ ವರ್ಷದ ಅರ್ಥಶಾಸ್ತ್ರ ಈಗ ಮೊಬೈಲಿನಾಗೂ ಸಿಗತೈತಿ. ಕೇಂದ್ರ ಸರ್ಕಾರದ ‘ಸ್ವಯಂ’ 2017ರಿಂದ ನಡದೈತಿ. ಪಾಠ ಕೇಳಾಕ ರೊಕ್ಕ ಇಲ್ಲ, ಸರ್ಟಿಫಿಕೇಟ್ ಬೇಕಂದ್ರ ಪರೀಕ್ಷೆ ಫೀ ಅಷ್ಟ. ಈ ಮಳೆಗಾಲದಾಗ ನಾನೂ ಒಂದು ಕೋರ್ಸ್ ಮುಗಿಸಿದೆ. ಇದು ಹುಡುಗರ ಮಾರ್ಕ್ಸಿಗೆ ಬಿಟ್ಟಬಿಡೋ ವಿಷಯ ಅಲ್ಲ, ಹೊಲ ಇದ್ದವರು ಕೇಳಲೇಬೇಕಾದ ಪಾಠ ಅನ್ನೋದು ನನ್ನ ಅಭಿಪ್ರಾಯ. ಆದ್ರ ಪಾಠ ಹೇಳಿದ್ದನ್ನೆಲ್ಲಾ ತಲಿ ಮ್ಯಾಲ ಹೊತ್ಕೊಂಡು ಬರೋದೂ ಬ್ಯಾಡ. ಯಾಕಂತ ಹೇಳ್ತೀನಿ.

ಮೊದಲನೇದು ಅವಕಾಶ ವೆಚ್ಚ. ಒಂದು ಕೆಲಸಕ್ಕ ಕೈ ಹಾಕಿದಾಗ ಬಿಟ್ಟುಕೊಟ್ಟ ಇನ್ನೊಂದು ಗಳಿಕೆಯೂ ಖರ್ಚೇ ಅನ್ನೋ ಲೆಕ್ಕ. ಉದಾಹರಣೆಗೆ ಹಿಡೀರಿ: ಬೆಳಿ ಮಾರಿ 1,00,000 ಬಂತು, ಬೀಜ, ಗೊಬ್ಬರ, ಟ್ರ್ಯಾಕ್ಟರ್, ಆಳು ಸೇರಿ 55,000 ಹೋತು. 45,000 ಉಳಿತು ಅಂತ ಕಟ್ಟಿ ಮ್ಯಾಲ ಕುಂತು ಹೇಳ್ತೀವಿ. ಗಂಡ ಹೆಂಡತಿ ಕೂಡಿ ದುಡಿದದ್ದು 60 ಆಳಿನ ಕೆಲಸ, ದಿನಕ್ಕ 400ರಂಗ 24,000. ಅದೇ ಹೊಲ ಲಾವಣಿಗೆ ಕೊಟ್ಟಿದ್ರ 15,000. ಇವೆರಡನ್ನೂ ಕಳದ್ರ ಉಳಿಯೋದು 6,000. ನಾಟಿ ಹಚ್ಚಿದ, ಕಳೆ ತಗದ ಮನಿ ಹೆಣ್ಣುಮಕ್ಕಳ ದುಡಿಮೆ ಎಷ್ಟು ಮಂದಿ ವಹಿಯೊಳಗ ಐತಿ ಹೇಳ್ರಿ?

ಬೆಂಬಲ ಬೆಲೆಯ ಜಗಳ ಇರೋದೂ ಇಲ್ಲೇ. ದಿಲ್ಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಖರ್ಚನ್ನ ಮೂರು ನಮೂನಿ ಹಾಕತೈತಿ. ಕೈಯಿಂದ ಕೊಟ್ಟ ಖರ್ಚು ‘ಎ2’. ಅದಕ್ಕ ಮನಿ ಮಂದಿ ದುಡಿಮೆ ಕೂಡಿಸಿದ್ರ ‘ಎ2 ಪ್ಲಸ್ ಎಫ್‌ಎಲ್’. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಎಲ್ಲಾ ಸೇರಿದ್ರ ‘ಸಿ2’. 2025-26ರ ಸಾಧಾರಣ ಭತ್ತಕ್ಕ ಕ್ವಿಂಟಲಿಗೆ 1,579 ಖರ್ಚು ಹಿಡಿದು, ಅದರ ಒಂದೂವರೆ ಪಟ್ಟು 2,369 ರೂಪಾಯಿ ಬೆಂಬಲ ಬೆಲೆ ಮಾಡಿದ್ರು. ಆ 1,579 ಎರಡನೇ ನಮೂನಿ ಲೆಕ್ಕ. ಸಿ2 ಹಿಡೀರಿ ಅಂತ ರೈತ ಸಂಘಟನೆಗಳು ವರ್ಷಗಟ್ಟಲೆ ಕೇಳೋದು ಯಾಕ ಅಂತ ಈ ಒಂದು ಪಾಠ ಕೇಳಿದವರಿಗೆ ಐದು ನಿಮಿಷದಾಗ ತಿಳಿತೈತಿ.

ಎರಡನೇದು ಮುಳುಗಿದ ವೆಚ್ಚ. ಟೊಮ್ಯಾಟೊ ಕೆಜಿಗೆ ಒಟ್ಟು 11 ರೂಪಾಯಿ ಬಿದ್ದೈತಿ, ಅದರೊಳಗ ಹರಿಯೋ ಕೂಲಿ, ಗಾಡಿ ಬಾಡಿಗಿ, ಕಮಿಷನ್ 6 ಅಂತ ಇಟ್ಕೊಳ್ರಿ. ಪ್ಯಾಟ್ಯಾಗ 8 ನಡದ್ರ ಹರೀರಿ, ನಷ್ಟ ಅಷ್ಟರ ಮಟ್ಟಿಗೆ ಕಮ್ಮಿ ಆಗತೈತಿ. 5 ನಡದ್ರ ಕುರಿ ಬಿಡ್ರಿ. ಸಸಿಗೆ, ಗೊಬ್ಬರಕ್ಕ ಹಾಕಿದ ರೊಕ್ಕ ಎರಡೂ ಕಡೆ ಹೋದಂಗ ಐತಿ, ಅದನ್ನ ನೆನಸಿ ಇವತ್ತಿನ ನಿರ್ಧಾರ ಮಾಡಬಾರದು.

ಮೂರನೇದು ರೇಟಿನ ಆಟ. ಕಾಯಿಪಲ್ಲೆ ಸೋವಿ ಆತಂತ ಜನ ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಉಣ್ಣೂದಿಲ್ಲ. ಹಿಂಗಾಗಿ ಮಾಲು ಸ್ವಲ್ಪ ಹೆಚ್ಚಾದ್ರೂ ರೇಟು ಬಾಳ ಬೀಳತೈತಿ, ಒಳ್ಳೆ ಬೆಳಿ ಬಂದ ವರ್ಷವೇ ಕೈಗೆ ಕಮ್ಮಿ ರೊಕ್ಕ. ಹೋದ ವರ್ಷದ ರೇಟು ನೋಡಿ ಎಲ್ಲಾರೂ ಈ ವರ್ಷ ಹಚ್ಚೋದು, ಬಿದ್ದ ಮ್ಯಾಲ ಎಲ್ಲಾರೂ ಬಿಡೋದು, ಮತ್ತ ಏರೋದು. ಇದಕ್ಕ ‘ಜೇಡರ ಬಲೆ’ ಅಂತ ಹೆಸರು. ಅಮೆರಿಕದ ಎಜೆಕಿಯಲ್ ಅನ್ನೋ ಅರ್ಥಶಾಸ್ತ್ರಜ್ಞ 1938ರಲ್ಲೇ ಇದನ್ನ ಬರೆದಿಟ್ಟಾನ. ನಮ್ಮಿಂದ ಗೋವಾಕ್ಕ ಹೋಗೋ ಕೋಬಿ, ಫ್ಲಾವರಿಗೂ ಇದೇ ಬಲೆ.

ಇನ್ನ ಪಾಠ ಎಲ್ಲಿ ಕೈ ಕೊಡತೈತಿ ಅಂದ್ರ, ಮಾರವರೂ ಬಾಳ, ಕೊಳ್ಳವರೂ ಬಾಳ, ಎಲ್ಲಾರಿಗೂ ಎಲ್ಲಾ ಸುದ್ದಿ ಗೊತ್ತು ಅನ್ನೋ ಪರಿಪೂರ್ಣ ಪೈಪೋಟಿಯ ಬಾಜಾರದಿಂದ ಶುರು ಮಾಡತೈತಿ. ಅದಕ್ಕ ಉದಾಹರಣೆ ಯಾವಾಗಲೂ ರೈತನೇ! ನಮ್ಮ ಕಡೆ ಮಾರವರು ಬಾಳ ಖರೆ, ಕೊಳ್ಳವರು ನಾಕೈದು ಮಂದಿ. ಕಡದ ಕಬ್ಬು ಒಣಗಾಕ ಹತ್ತಿದ ಮ್ಯಾಲ ರೇಟು ಬರೂತನಕ ತಡೀರಿ ಅಂದ್ರ ಹೆಂಗ? ಅದಕ್ಕೇ ಕಬ್ಬಿಗೆ ಎಫ್‌ಆರ್‌ಪಿ ಇರೋದು. 2025-26ಕ್ಕ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಮ್ಯಾಲಿನ ಪ್ರತಿ 0.1ಕ್ಕ 3.46. ಇಳುವರಿ 11.25 ಬಂದ್ರ ಟನ್ನಿಗೆ 3,896. ಅದರೊಳಗ ಕಟಾವು, ಸಾಗಾಣಿಕೆ ಮುರೀತಾರ. 2025ರ ನವೆಂಬರಿನಾಗ ಗುರ್ಲಾಪುರ ಕ್ರಾಸಿನಾಗ ನಮ್ಮ ಜಿಲ್ಲೆಯ ರೈತರು 3,500 ಕೇಳಿ ಕುಂತಾಗ ಸರ್ಕಾರ ಕಡೀಕ 3,300ಕ್ಕ ಬಂತು. ಪುಸ್ತಕದ ಬಾಜಾರ ಅಲ್ಲ, ಕುಂತ ಜನ ತಂದ ರೇಟು ಅದು. ಆದ್ರ ಅಂಥಾ ಕಡೆ ಕುಂತಾಗ ಇಳುವರಿ ಲೆಕ್ಕ ಬಾಯಾಗ ಇದ್ದವನ ಮಾತಿಗೆ ತೂಕ ಬ್ಯಾರೆ.

ಎಲ್ಲಕ್ಕಿಂತ ದೊಡ್ಡ ಮಾತು ಭೂಮಿದು. ಅವಕಾಶ ವೆಚ್ಚ ಕಲಿತ ಹುಡುಗ ನಾಳೆ ಕೇಳ್ತಾನ: ‘ಅಪ್ಪಾ, ಹೊಲ ಮಾರಿ ಬ್ಯಾಂಕಿನಾಗ ಇಟ್ರ ಬಡ್ಡಿನೇ ಬೆಳಿಗಿಂತ ಹೆಚ್ಚು ಬರತೈತಲ್ಲ?’ ಹುಡುಗನ ಬಾಯಿ ಮುಚ್ಚಸಬ್ಯಾಡ್ರಿ. ಪ್ಲಾಟಿನ ರೇಟು ನೋಡಿದ್ರ ಲೆಕ್ಕ ತಪ್ಪಲ್ಲ. ಆದ್ರ ಅರ್ಧಾ ಲೆಕ್ಕ. ಅದೇ ಕೋರ್ಸಿನ ಮುಂದಿನ ಪಾಠ ತಗೀರಿ. ಹಣದುಬ್ಬರ ಬ್ಯಾಂಕಿನ ರೊಕ್ಕಾ ತಿಂತೈತಿ. ಬಾಸುಮತಿ ಬೆಳೆಯೋ ನಮ್ಮ ಗದ್ದಿ ಒಮ್ಮೆ ಪ್ಲಾಟ್ ಆದ್ರ ಮತ್ತ ಗದ್ದಿ ಆಗೂದಿಲ್ಲ. ಮಳೆಗಾಲದಾಗ ಬಳ್ಳಾರಿ ನಾಲಾದ ನೀರು ಉಕ್ಕಿದಾಗ ಹರವಿಕೊಳ್ಳಾಕ ಜಾಗ ಇದ್ದದ್ದು ಈ ಗದ್ದಿ, ಅದಕ್ಕ ಯಾರೂ ನಮಗ ರೇಟು ಕೊಟ್ಟಿಲ್ಲ. ಬಾಜಾರದ ರೇಟಿನೊಳಗ ಬರದ ಇಂಥಾ ಲಾಭ-ನಷ್ಟಕ್ಕ ಬಾಹ್ಯ ಪರಿಣಾಮ ಅಂತಾರ. ಪೂರಾ ಲೆಕ್ಕ ಹಾಕಿ ಆಮ್ಯಾಲ ಮಾರೂದೋ ಬಿಡೂದೋ ಮಾತಾಡ್ರಿ. ಅರ್ಧಾ ಕಲಿತ ಅರ್ಥಶಾಸ್ತ್ರ ಏನೂ ಕಲೀದಿರೋದಕ್ಕಿಂತ ಕೆಟ್ಟದ್ದು.

ಪಾಠ ಹೆಚ್ಚಿನವು ಇಂಗ್ಲಿಷಿನಾಗ ಅದಾವು, ಅದೇ ದೊಡ್ಡ ತೊಡಕು. ಅದಕ್ಕ ಒಬ್ಬರೇ ಕೂಡಬ್ಯಾಡ್ರಿ. ಮಗಳು ಮೊಬೈಲ್ ಹಿಡಿದು ಕನ್ನಡದಾಗೋ ಮರಾಠಿಯೊಳಗೋ ಬಿಡಿಸಿ ಹೇಳಲಿ, ನೀವು ನಿಮ್ಮ ಖರ್ಚಿನ ವಹಿ ತಗದು ಉದಾಹರಣೆ ಕೊಡ್ರಿ. ಆಕಿ ಪರೀಕ್ಷೆಗೂ ಆತು, ನಿಮ್ಮ ಹೊಲಕ್ಕೂ ಆತು. ವಹಿ ಇಲ್ಲದವರು ಹಿಂಗಾರಿ ಬಿತ್ತೋ ದಿನದಿಂದ ಶುರು ಮಾಡ್ರಿ. ಒಂದು ಪುಟದಾಗ ಕೈಯಿಂದ ಹೋದ ರೊಕ್ಕ, ಎದುರಿನ ಪುಟದಾಗ ಮನಿ ಮಂದಿ ದುಡಿದ ದಿನ.