ಪಾಠದಾಗ ಬಾಗೇವಾಡಿ ಐತಿ, ನಮ್ಮ ಕೇರಿ ಎಲ್ಲೈತಿ?



2022ರಲ್ಲಿ ಒಂಬತ್ತನೇ ತರಗತಿ ಸಮಾಜ ವಿಜ್ಞಾನ ಪುಸ್ತಕದ ಬಸವಣ್ಣನ ಪಾಠದ ಮೇಲೆ ಎಷ್ಟು ಗದ್ದಲ ಆಯ್ತು, ನೆನಪೈತಲ್ಲ? ಬರಗೂರು ಸಮಿತಿ ಪುಸ್ತಕದಲ್ಲಿ ಬಸವಣ್ಣ ಜನಿವಾರ ಕಿತ್ತೊಗೆದು ಕೂಡಲಸಂಗಮಕ್ಕೆ ಹೋದ ಅಂತ ಇತ್ತು. ರೋಹಿತ್ ಚಕ್ರತೀರ್ಥ ಸಮಿತಿ ಅದನ್ನು ತಿದ್ದಿ, ಉಪನಯನ ಆದ ಮೇಲೆ ಹೋದ, ಶೈವ ಗುರುಗಳಿಂದ ಲಿಂಗದೀಕ್ಷೆ ಪಡೆದ ಅಂತ ಮಾಡಿತು. ಸಾಣೇಹಳ್ಳಿ ಶ್ರೀಗಳು ಮುಖ್ಯಮಂತ್ರಿಗೆ ಪತ್ರ ಬರೆದರು, ಮಠಗಳು ಎದ್ದವು, ಸರ್ಕಾರ ತಿದ್ತೀವಿ ಅಂತ ಒಪ್ಪಿತು. ಅದೇ ತರಗತಿ ಪುಸ್ತಕದಲ್ಲಿ ಬಾಬಾಸಾಹೇಬರಿಗಿದ್ದ 'ಸಂವಿಧಾನ ಶಿಲ್ಪಿ' ಅನ್ನೋ ಮಾತೂ ಬಿದ್ದಿತ್ತು. ಕೂಗಾಡಿದ ಮೇಲೇ ವಾಪಸ್ ಬಂತು.

ಆ ಹೋರಾಟ ಸರಿ ಇತ್ತು. ನಾವೂ ಬೀದಿಗೆ ಇಳಿದಿದ್ವಿ. ಆದರ ಇವತ್ತು ಬ್ಯಾರೆ ಮಾತು ಕೇಳಬೇಕಾಗೈತಿ.

ಆ ವರ್ಷ ನನ್ನ ತಂಗಿ ಮಗಳು ಬಸವನ ಬಾಗೇವಾಡಿಯಲ್ಲೇ ಒಂಬತ್ತನೇ ಕ್ಲಾಸು. ತಮ್ಮೂರಿನ ಪಾಠ ಅಂತ ಖುಷಿಯಿಂದ ಓದಿದ ಹುಡುಗಿ ಮುಖ ಸಣ್ಣದು ಮಾಡ್ಕೊಂಡು ಕೇಳಿದ್ಲು: "ಮಾಮಾ, ನಮ್ಮೂರ ಹೆಸರು ಬಂದೈತಿ. ನಾವು ಎಲ್ಲಿ ಬಂದೀವಿ?"

ಉತ್ತರ ಕೊಡ್ರಿ ನೋಡೋಣ. ಜನಿವಾರ ಕಿತ್ತನೋ, ಹಾಕ್ಕೊಂಡನೋ ಅಂತ ರಾಜ್ಯಾನೇ ಬಡಿದಾಡಿತು. ಜನಿವಾರವೇ ಇಲ್ಲದ ಮಂದಿ ಆ ಜಗಳದಾಗ ಎಲ್ಲಿದ್ರು? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ತನ್ನ ಬಂಧುಬಳಗ ಅಂದವನು ಬಸವಣ್ಣ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟಿದ್ದಕ್ಕೇ ಇಬ್ಬರೂ ಬೀಗರಿಗೆ ಎಳೆಹೂಟೆ ಶಿಕ್ಷೆ ಆಯ್ತು ಅಂತ ಶರಣ ಪರಂಪರೆ ಹೇಳ್ತದ. ಕಲ್ಯಾಣ ಹೊತ್ತಿ ಉರಿದಿದ್ದು ಆ ಮದುವೆಯಿಂದ. ಮಕ್ಕಳಿಗೆ ಹೇಳಬೇಕಾದ ಕಥೆ ಅದು. ಅದಕ್ಕ ಯಾವ ಮಠ ಪತ್ರ ಬರೀತು?

"ಎರಡು ಪುಟದಾಗ ಎಲ್ಲಾ ಹಿಡಿಸೂದಿಲ್ಲ" ಅಂತಾರೆ. ಹೌದು. ಆದರ ಪ್ರತಿ ಸಲ ಹಿಡಿಸದೇ ಉಳಿಯೋರು ನಾವೇ ಯಾಕ? ನಾನು ಆಫೀಸಿನಾಗ ಫೈಲ್ ತಿರುವೋ ಗುಮಾಸ್ತ. ಫೈಲಿನಾಗ ಹೆಸರಿಲ್ಲದವನಿಗೆ ಕೌಂಟರಿನಾಗ ಏನು ಸಿಗತದ ಅಂತ ದಿನಾ ನೋಡ್ತೀನಿ. ಪಠ್ಯಪುಸ್ತಕವೂ ಸರ್ಕಾರದ ಫೈಲೇ.

ಕೊಡೋಕೆ ನಮ್ಮ ಸೀಮೆಯಲ್ಲಿ ಏನಿಲ್ಲ? ಇಂಡಿ ಸೀಮೆಯ ಹಲಸಂಗಿ ಗೆಳೆಯರು ಹೆಣ್ಮಕ್ಕಳ ಬಾಯಿಂದ ಹಾಡು ಕೂಡಿಸಿ 1931ರಲ್ಲೇ 'ಗರತಿಯ ಹಾಡು' ತಂದರು. ಸಿಂದಗಿ ತಾಲೂಕಿನ ಎಂ.ಎಂ. ಕಲಬುರ್ಗಿ ವಚನಗಳ ಮೇಲೆ ಜೀವನ ಸವೆಸಿದರು, 2015ರ ಆಗಸ್ಟ್ 30ರಂದು ಗುಂಡಿಗೆ ಬಲಿಯಾದರು. ಮುದ್ದೇಬಿಹಾಳದ ಅರವಿಂದ ಮಾಲಗತ್ತಿ 'ಗೌರ್ಮೆಂಟ್ ಬ್ರಾಹ್ಮಣ' ಬರೆದರು, ದಲಿತ ಹುಡುಗ ಅನುಭವಿಸಿದ್ದನ್ನ ಮುಚ್ಚುಮರೆ ಇಲ್ಲದೆ ಬರೆದರು. ನಮ್ಮ ಹುಡುಗಿ ಆ ಪುಸ್ತಕ ಓದಿದ್ದು ಸಾಲ್ಯಾಗಲ್ಲ, ನನ್ನ ಕಪಾಟಿನಾಗ. ಒಂದೇ ರಾತ್ರಿಗೆ ಮುಗಿಸಿದ್ಲು.

ಸರ್ಕಾರ ಬದಲಾಗತದ, ಸಮಿತಿ ಬದಲಾಗತದ. 2023ರಲ್ಲಿ ಮತ್ತೆ ಪಾಠ ತೆಗೆದರು, ಸೇರಿಸಿದರು. ಯಾರು ಬಂದ್ರೂ ನಮ್ಮ ಬೇಡಿಕೆ ಒಂದೇ: ಬಸವಣ್ಣನ ಪಾಠ ಹರಳಯ್ಯನ ಮನೆ ಅಂಗಳ ದಾಟದೆ ಮುಗಿಯಬಾರದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಗೆಳೆಯರೇ, ಬಸವ ಜಯಂತಿಗೆ ಹಾರ ಹಾಕಿ ಫೋಟೋ ಹಾಕಿದರ ಸಾಲದು. ನಿಮ್ಮೂರ ಎಸ್‌ಡಿಎಂಸಿ ಸಭೆಗೆ ಹೋಗ್ರಿ. ಮಕ್ಕಳ ಪುಸ್ತಕ ತೆರೆದು ಓದ್ರಿ. ಏನಿಲ್ಲ ಅನ್ನೋದನ್ನ ಬರೆದು, ಸಹಿ ಮಾಡಿ, ಬಿಇಒ ಕಚೇರಿಗೆ ಕೊಟ್ಟು, ಸ್ವೀಕೃತಿ ತಗೊಂಡು ಬರ್ರಿ. ಬಾಯಿಮಾತು ಗಾಳಿಗೆ ಹೋಗತದ, ಮೊಹರು ಬಿದ್ದ ಕಾಗದಕ್ಕ ಉತ್ತರ ಕೊಡಲೇಬೇಕಾಗತದ.

ಜೈ ಭೀಮ್. ಶರಣು ಶರಣಾರ್ಥಿ.