ನೆರೆತಡೆ ಗೋಡೆಗೆ ಬೇಕಾದುದು ಎತ್ತರವೋ, ಬುಡವೋ?

ಸುಳ್ಯ ತಾಲೂಕಿನ ಐವರ್ನಾಡಿನಲ್ಲಿಯೂ ಅದರ ಆಸುಪಾಸಿನ ಗ್ರಾಮಗಳಲ್ಲಿಯೂ ಅಡಿಕೆ ತೋಟಗಳು ಬಹುಮಟ್ಟಿಗೆ ಗುಡ್ಡಗಳ ನಡುವಣ ತಗ್ಗಿನಲ್ಲಿ, ತೋಡುಗಳ ಮಗ್ಗುಲಲ್ಲಿಯೇ ಇರುವುವೆಂಬುದು ಸರ್ವವಿದಿತವು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್ ಮೊದಲ್ಗೊಂಡು ಸೆಪ್ಟೆಂಬರದೊಳಗೆ ಬೀಳುವುದರಿಂದ, ಬೇಸಗೆಯಲ್ಲಿ ಬತ್ತುವ ತೋಡು ಆಟಿ ತಿಂಗಳಿನಲ್ಲಿ ಆಳೆತ್ತರಕ್ಕೆ ಏರುವುದುಂಟು. ಇದನ್ನು ತಡೆಯಲು ಜಮೀನುದಾರರು ಮುರಕಲ್ಲಿನಿಂದಲೋ ಕಾಡುಕಲ್ಲಿನಿಂದಲೋ ಗೋಡೆ ಕಟ್ಟಿಸುವರು. ಗೋಡೆ ಬಿದ್ದರೆ ಮರುವರ್ಷ ಅದೇ ಬುಡದ ಮೇಲೆ ಇನ್ನೆರಡು ಅಡಿ ಎತ್ತರಿಸಿ ಕಟ್ಟಿಸುವರು. ಈ ವಾಡಿಕೆಯು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಗೋಡೆಯನ್ನು ಕೆಡಹುವುದು ಬಹುತೇಕ ಅದರ ಗಿಡ್ಡತನವಲ್ಲ, ಬುಡದ ದೌರ್ಬಲ್ಯವು.

ನಿಂತ ನೀರು ಗೋಡೆಯನ್ನು ನೂಕುವ ಒತ್ತಡವು ನೀರಿನ ಆಳವನ್ನು ಮಾತ್ರ ಅನುಸರಿಸುವುದು, ತೋಡಿನ ಅಗಲವನ್ನಲ್ಲ. ಆಳವು ಸಮವಾಗಿದ್ದರೆ ಎರಡು ಮಾರಿನ ತೋಡಿನ ಒತ್ತಡವೂ ಪಯಸ್ವಿನಿ ಹೊಳೆಯ ಒತ್ತಡವೂ ಒಂದೇ. ಒಂದು ಮೀಟರು, ಎಂದರೆ ಸುಮಾರು ಮೂರೂಕಾಲು ಅಡಿ ನೀರು ನಿಂತಲ್ಲಿ, ಗೋಡೆಯ ಪ್ರತಿ ಮೀಟರು ಉದ್ದಕ್ಕೆ ಬೀಳುವ ನೂಕು ಅರ್ಧ ಟನ್ನು. ಎರಡು ಮೀಟರಾದರೆ ಎರಡು ಟನ್ನು. ಮೂರು ಮೀಟರಾದರೆ ನಾಲ್ಕೂವರೆ ಟನ್ನು. ನೀರು ಇಮ್ಮಡಿಯಾದರೆ ನೂಕು ನಾಲ್ಮಡಿಯಾಗುವುದು. ಗೋಡೆಯನ್ನು ಬುಡದಿಂದ ಮಗುಚುವ ಶಕ್ತಿಯಾದರೋ ಎಂಟು ಮಡಿಯಾಗುವುದು. ಎರಡು ಮೀಟರಿನ ಗೋಡೆಗೆ ಎರಡು ಅಡಿ ಏರಿಸಿ, ನೀರು ಅದರ ತಲೆಯವರೆಗೂ ನಿಂತಿತೆಂದರೆ, ಗೋಡೆಯ ಭಾರವು ಮೂರರಲ್ಲೊಂದು ಪಾಲಿನಷ್ಟು ಹೆಚ್ಚುವುದರೊಳಗೆ ಮಗುಚುವ ಶಕ್ತಿಯು ಎರಡರಷ್ಟಕ್ಕೂ ಮೀರುವುದು. ಏರಿಸಿದ ಗೋಡೆಯು ಮೊದಲಿನದಕ್ಕಿಂತಲೂ ಬೇಗ ಬೀಳುವುದರ ಗುಟ್ಟು ಇದೇ ಆಗಿದೆ.

ನೀರಿನ ಕೆಲಸವು ಇಷ್ಟಕ್ಕೇ ಮುಗಿಯದು. ಅದು ಬುಡದ ಕೆಳಗೆ ಜಿನುಗಿ ಗೋಡೆಯನ್ನು ಮೇಲಕ್ಕೆತ್ತುವುದು. ನೀರಿನಲ್ಲಿ ಮುಳುಗಿದ ಕಲ್ಲಿನ ಭಾರವು ಘನ ಮೀಟರೊಂದಕ್ಕೆ ಒಂದು ಟನ್ನಿನಷ್ಟು ಕಡಿಮೆಯಾದಂತೆಯೇ ವರ್ತಿಸುವುದು. ಬುಡದ ಮಣ್ಣನ್ನು ಸೆಳೆತವು ಕೊರೆದೊಯ್ದರೆ ಗೋಡೆಗೆ ನೆಲೆಯೇ ತಪ್ಪುವುದು. ಇನ್ನು, ದರೆಗೆ ಆನಿಸಿ ಕಟ್ಟಿದ ಗೋಡೆಗಳು ನೆರೆ ಏರುವಾಗ ನಿಂತು, ಇಳಿದ ಮೇಲೆ ತೋಡಿನೊಳಕ್ಕೆ ಕುಸಿಯುವುದನ್ನು ಅನೇಕರು ಕಂಡಿರಬಹುದು. ತೋಡಿನ ನೀರು ಒಮ್ಮೆಲೇ ಇಳಿದರೂ ಗೋಡೆಯ ಹಿಂದಣ ಮಣ್ಣು ಕುಡಿದ ನೀರು ಬೇಗನೆ ಬಸಿಯದು. ಎದುರಿನ ಆಸರೆ ತಪ್ಪಿದ ಗೋಡೆಯನ್ನು ಆ ನೀರು ಹಿಂದಿನಿಂದ ನೂಕುವುದು.

ಹಿರಿಯರು ಈ ಲೆಕ್ಕವನ್ನು ಬರೆದಿಡಲಿಲ್ಲವಾದರೂ ಅರಿತಿದ್ದರು. ಮಳೆಗಾಲ ಕಳೆದ ಮೇಲೆ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕುವಾಗ ಬುಡವನ್ನು ಅಗಲವಾಗಿಯೂ ತಲೆಯನ್ನು ಕಿರಿದಾಗಿಯೂ ಮಾಡುವ ಪದ್ಧತಿ ಈಗಲೂ ಇದೆ. ಮಳೆಗಾಲದ ನೆರೆಗೆ ಕಟ್ಟವನ್ನು ಎದುರೊಡ್ಡುವುದಿಲ್ಲ. ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಮಳೆಗೆ ಮುಂಚೆ ತೆಗೆದಿರಿಸುವುದೂ ಇದೇ ನ್ಯಾಯದಿಂದ. ನೆರೆಗೆ ದಾರಿ ಬಿಟ್ಟವನ ಕಟ್ಟಡವು ಉಳಿಯುವುದು.

ಹಾಗಾದರೆ ತೋಟಕ್ಕೆ ನೀರು ನುಗ್ಗಲಿ ಎನ್ನಬೇಕೇ ಎಂದು ಜಮೀನುದಾರರು ಕೇಳಬಹುದು. ನುಗ್ಗುವ ನೀರು ಬೇರೆ, ನಿಧಾನವಾಗಿ ಏರುವ ನೀರು ಬೇರೆ. ಕಣಿಗಳು ಸ್ವಚ್ಛವಾಗಿದ್ದು ಬೇಗನೆ ಬಸಿದುಹೋಗುವ ನೀರಿನಿಂದ ಬೆಳೆದ ಅಡಿಕೆ ಮರಕ್ಕೆ ಆಗುವ ಹಾನಿ ಅಲ್ಪವು. ಮೇಲ್ಮಣ್ಣನ್ನು ಕೊಚ್ಚಿ, ಬೇರುಗಳನ್ನು ಬಯಲುಮಾಡುವುದು ಸೆಳೆತವು. ಎತ್ತರದ ಗೋಡೆ ಒಡೆದರೆ ಆ ಸೆಳೆತವೇ ಕಲ್ಲುಗಳೊಡನೆ ತೋಟದೊಳಗೆ ಬೀಳುವುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡಗಳು ಜರಿದು ಪಯಸ್ವಿನಿಯು ಮಣ್ಣು ಮರಗಳನ್ನು ಹೊತ್ತು ತಂದುದನ್ನೂ, 2022ರ ಆಗಸ್ಟಿನಲ್ಲಿ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಕಡೆಗಳಲ್ಲಿ ನೀರು ಏರಿದುದನ್ನೂ ಕಂಡವರಿಗೆ, ಎಲ್ಲ ನೆರೆಯನ್ನೂ ತಡೆಯುವ ಗೋಡೆಯೊಂದು ಸಾಧ್ಯವೆಂಬ ಭ್ರಮೆ ಉಳಿಯಲಾರದು.

ಆದಕಾರಣ ಗೋಡೆಯು ತಗ್ಗಾಗಿಯೇ ಇರಲಿ. ಬುಡವು ಎತ್ತರದ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಾಗದಿರಲಿ. ಅಸ್ತಿವಾರವನ್ನು ತೋಡಿನ ತಳಕ್ಕಿಂತ ಕೆಳಗೆ ಗಟ್ಟಿನೆಲ ಸಿಕ್ಕುವವರೆಗೆ ಇಳಿಸಿ, ಬುಡದ ಮುಂದೆ ದೊಡ್ಡ ಕಲ್ಲುಗಳನ್ನು ಹಾಸತಕ್ಕದ್ದು. ದರೆಯ ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ಅಲ್ಲಲ್ಲಿ ನೀರುಕಂಡಿಗಳನ್ನು ಬಿಡತಕ್ಕದ್ದು. ಮೀರಿದ ನೆರೆಯು ಇಳಿದುಹೋಗಲು ಒಂದೆಡೆ ಗೋಡೆಯನ್ನು ತಗ್ಗಿಸಿ, ಅಲ್ಲಿ ನೆಲಕ್ಕೆ ಕಲ್ಲು ಹಾಸಿರತಕ್ಕದ್ದು. ಎರಡು ಮೀಟರಿಗೆ ಮೀರಿದ ಗೋಡೆಯನ್ನು ಇಂಜಿನಿಯರರ ಸಲಹೆಯಿಲ್ಲದೆ ಕಟ್ಟಿಸಲಾಗದು.

ಕೊನೆಯ ಮಾತು ಊರಿನ ಮುಖಂಡರಿಗೆ ಸಂಬಂಧಿಸಿದುದು. ಒಬ್ಬನು ತೋಡನ್ನು ಒತ್ತಿ ತನ್ನ ದಡವನ್ನು ಎತ್ತರಿಸಿದರೆ ಎದುರು ದಡದವನ ತೋಟಕ್ಕೆ ನೀರು ತಿರುಗುವುದು. ಅವನೂ ಎತ್ತರಿಸಿದರೆ ಕಿರಿದಾದ ತೋಡಿನಲ್ಲಿ ನೀರು ಇನ್ನೂ ಏರಿ, ಇಬ್ಬರ ಗೋಡೆಗಳ ಮೇಲೆಯೂ ಒತ್ತಡವು ಹೆಚ್ಚುವುದು. ಈ ಪೈಪೋಟಿಯಲ್ಲಿ ಗೆಲ್ಲುವವರಿಲ್ಲ. ಪತ್ತನಾಜೆಗೆ ಮುಂಚೆ ಎರಡೂ ದಡದವರನ್ನು ಕೂಡಿಸಿ, ತೋಡಿನ ಅಗಲವನ್ನೂ ಗೋಡೆಗಳ ಎತ್ತರವನ್ನೂ ಒಮ್ಮತದಿಂದ ಗೊತ್ತುಪಡಿಸಿ, ಬಿದ್ದ ಮರ ಕಸಗಳನ್ನು ತೆಗೆಸುವುದು ಮುಖಂಡರ ಕರ್ತವ್ಯವಾಗಿದೆ. ಕಲ್ಲಿಗೂ ಸಿಮೆಂಟಿಗೂ ಹಾಕುವ ಹಣವು ಸಾರ್ಥಕವಾಗುವುದು ಈ ಒಮ್ಮತವಿದ್ದಲ್ಲಿ ಮಾತ್ರವೇ.