ಊರೊಳಗಿನ ಸೂರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಬಾಳಿನಲ್ಲಿ ಕಷ್ಟಸಾಧ್ಯವಾದ ಕಾರ್ಯಗಳಾವುವೆಂಬುದನ್ನು ಅವರು ಅನುಭವದಿಂದಲೇ ಬಲ್ಲವರಾಗಿದ್ದರು. ಸ್ಥಿರವಾದ ಸಂಬಳವೂ ಅಷ್ಟಿಷ್ಟು ಉಳಿತಾಯವೂ ಉಳ್ಳವನಿಗೇ ಮನೆ ಕಟ್ಟುವುದು ಇಷ್ಟು ಪ್ರಯಾಸಕರವಾದರೆ, ದಿನಗೂಲಿಯನ್ನು ನಂಬಿ ಬದುಕುವವನ ಪಾಡೇನು? ನಗರದ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು, ಗಾರೆ ಕಲಸಿದವರು ಆ ಕಟ್ಟಡ ಮುಗಿದೊಡನೆ ತಮ್ಮ ತಗಡಿನ ಜೋಪಡಿಯನ್ನು ಕಿತ್ತುಕೊಂಡು ಮತ್ತೊಂದು ಕಟ್ಟಡದ ಬುಡಕ್ಕೆ ಹೋಗುತ್ತಾರೆ. ನೂರಾರು ಮನೆಗಳನ್ನು ಕಟ್ಟಿದ ಕೈಗಳಿಗೆ ತಮ್ಮದೆಂಬ ಒಂದು ಮನೆಯಿಲ್ಲ.

ಬಡವರಿಗೆ ಮನೆ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಮನೆ ಎಲ್ಲಿರಬೇಕು? ಮೊದಲು ಯಾರಿಗೆ ದೊರೆಯಬೇಕು? ಇವನ್ನು ತೀರ್ಮಾನಿಸುವ ಅಧಿಕಾರ ಯಾರದು? ವಸತಿಯ ಸಮಸ್ಯೆಯೆಲ್ಲ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆ.

ಕರ್ನಾಟಕದಲ್ಲಿ ಈ ಚಿಂತನೆ ಇಂದು ನಿನ್ನೆಯದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಬಂದೆರಗಿತು. ಗಾಳಿಬೆಳಕುಗಳಿಲ್ಲದ ಇಕ್ಕಟ್ಟಾದ ಕೇರಿಗಳಲ್ಲಿ ಜನರು ಸಾವಿರಾರು ಸಂಖ್ಯೆಯಲ್ಲಿ ಮಡಿದರು. ಅಗಲವಾದ ಬೀದಿಗಳುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದು ಆ ದಿನಗಳಲ್ಲಿಯೇ. 1903ರಲ್ಲಿ ಮೈಸೂರಿನಲ್ಲಿ ನಗರದ ಸುಧಾರಣೆಗಾಗಿಯೇ ಒಂದು ಮಂಡಳಿ ಸ್ಥಾಪನೆಯಾಯಿತು. ಒಂದು ಕೇರಿಯ ಕೊಳಕು ಇಡೀ ಊರಿಗೆ ರೋಗವನ್ನು ತರಬಲ್ಲುದು, ಆದುದರಿಂದ ಪ್ರತಿಯೊಬ್ಬರ ಮನೆಯೂ ಊರಿನ ಹೊಣೆ ಎಂಬ ಪಾಠವನ್ನು ಆ ಕಾಲ ಕಲಿಸಿತು.

ಸ್ವಾತಂತ್ರ್ಯಾನಂತರ ಸರ್ಕಾರವು ಈ ಹೊಣೆಯನ್ನು ಕಾಯಿದೆಗಳ ಮೂಲಕ ವಹಿಸಿಕೊಂಡಿತು. 1962ರ ಕಾಯಿದೆಯಿಂದ ಗೃಹ ಮಂಡಳಿಯೂ, 1976ರ ಕಾಯಿದೆಯಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ರೂಪುಗೊಂಡವು. 1970ರ ದಶಕದಲ್ಲಿ, ದೇವರಾಜ ಅರಸರ ಆಡಳಿತದ ಕಾಲದಲ್ಲಿ, ಹಳ್ಳಿಗಳ ನಿವೇಶನರಹಿತರಿಗೆ ನಿವೇಶನಗಳನ್ನು ಹಂಚಲಾಯಿತು. ‘ಜನತಾ ಮನೆ’ ಎಂಬ ಮಾತು ಮನೆಮಾತಾಯಿತು. 1973ರ ಕಾಯಿದೆಯ ಆಧಾರದ ಮೇಲೆ ಕೊಳಚೆ ನಿರ್ಮೂಲನ ಮಂಡಳಿ ಹುಟ್ಟಿತು. ಅದಕ್ಕೆ ಇಂದು ಕೊಳಗೇರಿ ಅಭಿವೃದ್ಧಿ ಮಂಡಳಿ ಎಂಬ ಹೆಸರಿದೆ. ‘ನಿರ್ಮೂಲನ’ ಹೋಗಿ ‘ಅಭಿವೃದ್ಧಿ’ ಬಂದಿರುವುದು ಸಣ್ಣ ಸಂಗತಿಯಲ್ಲ. ಕೊಳಗೇರಿಯೆಂದರೆ ಅಳಿಸಿಹಾಕಬೇಕಾದ ಕಲೆಯಲ್ಲ, ಅಲ್ಲಿ ಮನುಷ್ಯರಿದ್ದಾರೆ ಎಂಬ ಅರಿವು ಆ ಹೆಸರಿನಲ್ಲಿದೆ.

ಹೀಗೆ ಕಾಯಿದೆಗಳಿಗಾಗಲಿ ಯೋಜನೆಗಳಿಗಾಗಲಿ ನಮ್ಮಲ್ಲಿ ಬರವಿಲ್ಲ. ಆದರೂ ಕೊರತೆ ಉಳಿದಿರುವುದೇಕೆ? ಮನೆಯನ್ನು ಗೋಡೆ, ಚಾವಣಿಗಳ ಲೆಕ್ಕದಲ್ಲಿ ಮಾತ್ರ ಎಣಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ನಗರದೊಳಗೆ ಭೂಮಿಯ ಬೆಲೆ ಏರಿದಂತೆಲ್ಲ ಬಡವರ ಮನೆಗಳು ಊರಿನ ಅಂಚಿಗೆ, ಅಲ್ಲಿಂದಾಚೆಗೆ ಸರಿಯುತ್ತವೆ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಸಂಸಾರ ನಡೆಸುವ ತಾಯಿಯೊಬ್ಬಳಿಗೆ ಹತ್ತಾರು ಮೈಲಿ ದೂರದಲ್ಲಿ ಮನೆ ದೊರೆಯಿತೆನ್ನೋಣ. ಮನೆ ಗಟ್ಟಿಯಾಗಿದೆ, ಆದರೆ ಬೆಳಗಿನ ಜಾವದ ಕೆಲಸಕ್ಕೆ ಬಸ್ಸಿಲ್ಲ, ಬಸ್ಸಿದ್ದರೂ ಪ್ರಯಾಣಕ್ಕೆ ದಿನದ ಎರಡು ಮೂರು ಗಂಟೆ ಸಲ್ಲಬೇಕು. ಮಗುವಿನ ಶಾಲೆ ಹಿಂದೆಯೇ ಉಳಿಯಿತು. ಕಾಯಿಲೆ ಬಂದಾಗ ಓಡಿಬರುತ್ತಿದ್ದ ನೆರೆಹೊರೆಯವರೂ ಇಲ್ಲ. ಕೊನೆಗೆ ಅವಳು ಆ ಮನೆಗೆ ಬೀಗ ಹಾಕಿ ಹಳೆಯ ಜೋಪಡಿಗೇ ಮರಳಿದರೆ, ‘ಕೊಟ್ಟರೂ ಉಳಿಸಿಕೊಳ್ಳಲಿಲ್ಲ’ ಎಂದು ಅವಳನ್ನು ದೂಷಿಸುವುದು ನ್ಯಾಯವೇ? ಅವಳಿಗೆ ಮನೆ ದೊರೆಯಿತು, ಆದರೆ ಬದುಕು ಕೈತಪ್ಪಿತು.

1985ರಲ್ಲಿ, ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುತ್ತಿದ್ದವರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಇದೇ ಸತ್ಯವನ್ನು ಎತ್ತಿ ಹೇಳಿತು. ಕಾಲುದಾರಿಯಲ್ಲಿ ನೆಲೆಸುವುದು ಹಕ್ಕೆಂದು ಅದು ಒಪ್ಪಲಿಲ್ಲ. ಕ್ರಮಬದ್ಧವಾಗಿ ತೆರವು ಮಾಡುವ ಅಧಿಕಾರ ನಗರಪಾಲಿಕೆಗೆ ಉಂಟೆಂದಿತು. ಆದರೆ ಸಂವಿಧಾನವು ಕೊಟ್ಟಿರುವ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸಾರಿತು. ದುಡಿಮೆಯ ಸ್ಥಳಕ್ಕೆ ಹತ್ತಿರವಿರಬೇಕೆಂದೇ ಬಡವರು ಅಂತಹ ಕಡೆ ನೆಲೆಸುತ್ತಾರೆ, ಆ ನೆಲೆ ತಪ್ಪಿದರೆ ಅನ್ನವೂ ತಪ್ಪುತ್ತದೆ ಎಂಬುದನ್ನು ನ್ಯಾಯಾಲಯ ಗುರುತಿಸಿತು.

ಹಾಗಾದರೆ ಯಾರ ಅನ್ನ ಎಲ್ಲಿದೆ ಎಂಬುದನ್ನು ಬಲ್ಲವರಾರು? ರಾಜಧಾನಿಯ ಕಚೇರಿಯಲ್ಲಿ ನಕ್ಷೆಯನ್ನು ನೋಡುವವರಿಗಿಂತ ಆಯಾ ಊರಿನವರೇ ಅದನ್ನು ಹೆಚ್ಚು ಬಲ್ಲರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳ ಆಶಯವೂ ಇದೇ. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಗ್ರಾಮೀಣ ವಸತಿಯೂ ಒಂದು. ನಗರಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ನಗರ ಯೋಜನೆ, ಕೊಳಗೇರಿಗಳ ಸುಧಾರಣೆ, ನಗರ ಬಡತನದ ನಿವಾರಣೆ ಸೇರಿವೆ. ಆದರೆ ವಹಿಸುವುದು ರಾಜ್ಯದ ಇಚ್ಛೆಗೆ ಬಿಟ್ಟದ್ದು. ಭೂಮಿಯ ನಕ್ಷೆ ಒಂದು ಪ್ರಾಧಿಕಾರದ ಕೈಯಲ್ಲಿ, ಕೊಳಗೇರಿ ಒಂದು ಮಂಡಳಿಯ ಕೈಯಲ್ಲಿ, ಹಣ ಮತ್ತೊಂದು ನಿಗಮದ ಕೈಯಲ್ಲಿ ಉಳಿದರೆ, ಪುರಸಭೆಯ ಪಾಲಿಗೆ ಚರಂಡಿ ಮಾತ್ರ ಉಳಿಯುತ್ತದೆ. ಇಷ್ಟು ಸಾಲದೆಂಬಂತೆ ಚುನಾವಣೆಗಳೇ ನಡೆಯದ ಸಂದರ್ಭಗಳೂ ಉಂಟು. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳು ರಚಿತವಾಗುವವರೆಗೂ ಆ ಮಹಾನಗರವು ಚುನಾಯಿತ ಪ್ರತಿನಿಧಿಗಳಿಲ್ಲದೆಯೇ ಆಳಲ್ಪಟ್ಟಿತು. ಕೇರಿಯ ಕಷ್ಟವನ್ನು ಕೇಳಬೇಕಾದ ಸದಸ್ಯನೇ ಇಲ್ಲವಾದರೆ ಬಡವನು ಯಾರ ಬಾಗಿಲನ್ನು ತಟ್ಟಬೇಕು?

ಹಳ್ಳಿಗಳಲ್ಲಿ ಈ ಬಾಗಿಲು ಇದ್ದುದರಲ್ಲಿ ತೆರೆದಿದೆ. ವಸತಿ ಯೋಜನೆಗಳ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕೆಂಬುದು ನಿಯಮ. ಎಲ್ಲರ ಎದುರಿಗೆ ಪಟ್ಟಿಯನ್ನು ಓದಿದಾಗ, ಯಾರ ಗುಡಿಸಲು ಸೋರುತ್ತದೆ, ಯಾರಿಗೆ ಆಗಲೇ ಎರಡು ಮನೆಗಳಿವೆ ಎಂಬುದು ಮುಚ್ಚಿಡಲಾರದ ಸಂಗತಿಯಾಗುತ್ತದೆ. ಮನೆಯ ಹಣ ತಳಪಾಯ, ಗೋಡೆ, ಚಾವಣಿ ಎಂದು ಹಂತಹಂತವಾಗಿ ಬರುತ್ತದೆ. 2016ರಲ್ಲಿ ಆರಂಭವಾದ ಕೇಂದ್ರದ ಗ್ರಾಮೀಣ ವಸತಿ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1,20,000 ರೂಪಾಯಿ ನಿಗದಿಯಾಯಿತು. ಅಡುಗೆಯ ಸ್ಥಳವೂ ಸೇರಿದಂತೆ ಮನೆಯು 25 ಚದರ ಮೀಟರಿಗೆ ಕಡಿಮೆಯಿರಬಾರದೆಂದಾಯಿತು. ಕಂತು ತಡವಾದರೆ ಮಾತ್ರ ಗೋಡೆ ಅರ್ಧಕ್ಕೆ ನಿಲ್ಲುತ್ತದೆ, ಸಿಮೆಂಟಿನ ಸಾಲಕ್ಕೆ ಬಡ್ಡಿ ಬೆಳೆಯುತ್ತದೆ. ಚಾವಣಿಯಿಲ್ಲದ ಗೋಡೆಗಳ ನಡುವೆ ಮಳೆಗಾಲವನ್ನು ಕಳೆಯುವ ಸಂಸಾರಕ್ಕೆ ಯೋಜನೆಯ ಹೆಸರಿನಿಂದ ಏನು ಸುಖ?

ಮನೆಯಷ್ಟೇ ಮುಖ್ಯವಾದುದು ಅದು ನಿಂತ ನೆಲದ ಮೇಲಣ ಹಕ್ಕು. ತಲೆಮಾರುಗಳಿಂದ ವಾಸಿಸುತ್ತಿದ್ದರೂ ಎಷ್ಟೋ ತಾಂಡಾಗಳು, ಗೊಲ್ಲರಹಟ್ಟಿಗಳು ಸರ್ಕಾರದ ಕಡತದಲ್ಲಿ ಊರುಗಳೇ ಆಗಿರಲಿಲ್ಲ. ಅಂತಹವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕಾರ್ಯ ನಡೆದು, 2023ರ ಜನವರಿಯಲ್ಲಿ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳನ್ನು ನೀಡಲಾಯಿತು. ಎಬ್ಬಿಸುವ ಭಯ ಹೋದ ಮೇಲೆ ಮನುಷ್ಯನು ತಾನೇ ಕಲ್ಲು ತಂದು ಗೋಡೆ ಕಟ್ಟುತ್ತಾನೆ. ಅಂಗಳದಲ್ಲಿ ಗಿಡ ನೆಡುತ್ತಾನೆ.

ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡುವುದನ್ನು ಒಪ್ಪದವರೂ ಇದ್ದಾರೆ. ಅಲ್ಲಿ ಜಾತಿ, ಪಕ್ಷ, ಬಂಧುತ್ವಗಳ ಹಾವಳಿ ಹೆಚ್ಚೆಂಬುದು ಅವರ ಆಕ್ಷೇಪ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ದೂರದ ಕಚೇರಿಯಲ್ಲಿ ನಡೆದ ಅನ್ಯಾಯ ಯಾರ ಕಣ್ಣಿಗೂ ಬೀಳದು. ಊರಿನಲ್ಲಿ ನಡೆದುದು ಎಲ್ಲರಿಗೂ ಕಾಣುತ್ತದೆ, ಕಂಡದ್ದನ್ನು ಪ್ರಶ್ನಿಸಬಹುದು. ನಗರದ ನಡುವಿನ ಭೂಮಿ ದುಬಾರಿ, ಅದೇ ಹಣದಲ್ಲಿ ದೂರದಲ್ಲಿ ಹೆಚ್ಚು ಮನೆಗಳನ್ನು ಕಟ್ಟಬಹುದು ಎಂಬುದು ಇನ್ನೊಂದು ವಾದ. ಬೀಗ ಬಿದ್ದ ಹತ್ತು ಮನೆಗಳಿಗಿಂತ ದೀಪ ಉರಿಯುವ ಐದು ಮನೆಗಳು ಮೇಲೆಂಬುದೇ ಇದಕ್ಕೆ ಉತ್ತರ.

ಆದುದರಿಂದ ಮೂರು ಕಾರ್ಯಗಳು ಅವಶ್ಯವಾಗಿ ಆಗಬೇಕು. ಪ್ರತಿಯೊಂದು ಪಟ್ಟಣವೂ ತನ್ನ ನಕ್ಷೆಯಲ್ಲಿಯೇ, ದುಡಿಮೆಯ ಸ್ಥಳಗಳಿಗೆ ಸಮೀಪದಲ್ಲಿ, ಬಡವರ ಮನೆಗಳಿಗೆಂದು ಭೂಮಿಯನ್ನು ಕಾದಿರಿಸಬೇಕು. ಹಳ್ಳಿಯಲ್ಲಿ ಗ್ರಾಮಸಭೆ ನಡೆಯುವಂತೆ ನಗರದ ವಾರ್ಡುಗಳಲ್ಲಿಯೂ ಸಭೆ ನಡೆದು, ಫಲಾನುಭವಿಗಳ ಪಟ್ಟಿಯನ್ನು ಜನರ ಮುಂದೆ ಓದಬೇಕು. ಮನೆಯ ಬೀಗದ ಕೈ ಕೊಡುವ ಮೊದಲೇ ನೀರು, ಚರಂಡಿ, ಶಾಲೆ, ಬಸ್ಸುಗಳು ಅಲ್ಲಿಗೆ ತಲುಪಿರಬೇಕು. ಇವಕ್ಕೆ ತಕ್ಕ ಹಣವನ್ನೂ ಅಧಿಕಾರವನ್ನೂ ರಾಜ್ಯವು ಸ್ಥಳೀಯ ಸಂಸ್ಥೆಗಳಿಗೆ ಸಕಾಲದಲ್ಲಿ ಒದಗಿಸಬೇಕು.

ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರಿಗೆ ಇನ್ನು ಕೆಲವೇ ವರ್ಷಗಳಲ್ಲಿ ಆ ಅರ್ಹತೆ ಬರುತ್ತದೆ. ಅಂದು ಸಭೆಯಲ್ಲಿ ಪಟ್ಟಿಯನ್ನು ಓದುವಾಗ, ನಿಜವಾಗಿ ಮನೆಯಿಲ್ಲದ ನೆರೆಯವನ ಹೆಸರು ಅದರಲ್ಲಿ ಇದೆಯೇ ಎಂದು ಎದ್ದುನಿಂತು ಕೇಳುವವರು ಬೇಕು. ಹಾಗೆ ಕೇಳುವವರಿರುವ ಊರಿನಲ್ಲಿ ಬಡವನ ಸೂರು ಊರ ಹೊರಗೆ ಉಳಿಯದು.